ಹಲುಷ್ಕಿ ಮಾಹಾತ್ಮ್ಯೆ

ಕೋಳಿಯ ಸಾರನ್ನು ಬಲ್ಲವರು ಲೋಕದಲ್ಲಿ ಎಲ್ಲೆಡೆಯೂ ಇರುವರಾದರೂ, ಅದರಲ್ಲಿ ಬೇಯುವ ಹಲುಷ್ಕಿಯೆಂಬ ಹಿಟ್ಟಿನ ತುಣುಕಿಗೆ ಸ್ಮಾರಕವನ್ನೇ ನಿಲ್ಲಿಸುವಷ್ಟು ಭಕ್ತಿ ಉಕ್ರೇನಿನ ಪೊಲ್ತಾವದವರಿಗೆ ಮಾತ್ರ ಒಲಿದಂತಿದೆ. 1709ರಲ್ಲಿ ರಷ್ಯದ ಪೀಟರ್ ದೊರೆಯು ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸನನ್ನು ಸೋಲಿಸಿದ ಆ ಪುರಾತನ ರಣಕ್ಷೇತ್ರದ ನಗರದಲ್ಲಿ, 2006ರಲ್ಲಿ, ಹಲುಷ್ಕಿ ತುಂಬಿದ ಬೃಹತ್ತಾದ ಬಟ್ಟಲೂ ಚಮಚವೂ ಪ್ರತಿಷ್ಠಾಪಿತವಾದುವು. ಸೇನಾಪತಿಗಳಿಗೆ ಇದರಿಂದ ಅಸೂಯೆಯಾಗಿದ್ದರೆ ಅದು ಸಹಜವೇ.

ಪಾಕವಿಧಾನವು ಸರಳವಾದರೂ ಪಾಚಕನ ಶೀಲವನ್ನು ಪರೀಕ್ಷಿಸತಕ್ಕದ್ದು. ಕೋಳಿಯನ್ನು ತಣ್ಣೀರಿನಲ್ಲಿಟ್ಟು, ಮಂದಾಗ್ನಿಯಲ್ಲಿ ಕಾಯಿಸಿ, ಮೇಲೇಳುವ ನೊರೆಯನ್ನು ಬೇಸರವಿಲ್ಲದೆ ತೆಗೆಯುತ್ತ, ಈರುಳ್ಳಿ ಗಜ್ಜರಿಗಳನ್ನು ಸೇರಿಸಿ, ಗಂಟೆಗಟ್ಟಲೆ ಕಾಯುವ ಸಂಯಮವುಳ್ಳವನಿಗೆ ಮಾತ್ರ ತಿಳಿಯಾದ ಸಾರು ಲಭಿಸುವುದು. ಹಸಿವಿನ ಆತುರದಿಂದ ಉರಿಯನ್ನು ಹೆಚ್ಚಿಸಿದವನಿಗೆ ಮುಂಗಾರಿನ ಹೊಳೆಯಂತೆ ಕದಡಿದ ದ್ರವವೇ ಗತಿ. ಬಳಿಕ ಗೋಧಿಹಿಟ್ಟು, ಮೊಟ್ಟೆ, ಉಪ್ಪು, ತುಸು ನೀರು ಕೂಡಿಸಿ ಕಲಸಿದ ಮೆತ್ತನೆಯ ಕಣಕವನ್ನು, ಬಿಸಿಸಾರಿನಲ್ಲಿ ಅದ್ದಿದ ಚಮಚದಿಂದ ತುಣುಕು ತುಣುಕಾಗಿ ಬಿಡಬೇಕು. ಚಮಚವನ್ನು ಅದ್ದದಿದ್ದರೆ ಕಣಕವು ಅದನ್ನು ಬಿಡಲೊಲ್ಲದು. ಮುಳುಗಿದ ತುಣುಕುಗಳು ತೇಲಿದ ಮೇಲೂ ಕೆಲವು ನಿಮಿಷ ಬೇಯಲಿ, ತೇಲಿದವರೆಲ್ಲರೂ ಪಕ್ವರಲ್ಲ. ಕಡೆಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಧಾರಾಳವಾಗಿ.

ಪೊಲ್ತಾವ ಪ್ರಾಂತದಲ್ಲೇ 1809ರಲ್ಲಿ ಜನಿಸಿದ ಸಾಹಿತಿ ಗೊಗೊಲನ ಕ್ರಿಸ್ಮಸ್ ಮುನ್ನಿರುಳಿನ ಕಥೆಯಲ್ಲಿ, ಪತ್ಸ್ಯೂಕನೆಂಬ ಮಹಾಶಯನು ಮೊದಲು ಹಲುಷ್ಕಿಯನ್ನು ಮುಗಿಸಿ, ಆಮೇಲೆ ಸುಮ್ಮನೆ ಬಾಯಿ ತೆರೆದು ಕುಳಿತರೆ, ವರೇನಿಕಿಯೆಂಬ ಕಡುಬುಗಳು ತಾವಾಗಿಯೇ ಹುಳಿಗೆನೆಯಲ್ಲಿ ಹೊರಳಿ ಬಾಯೊಳಕ್ಕೆ ಹಾರುತ್ತವೆ. ಹಲುಷ್ಕಿಗೆ ಅಂತಹ ವಿನಯವಿಲ್ಲ. ವಾಚಕ ಮಹಾಶಯರು ಚಮಚವನ್ನು ಹಿಡಿದೇ ಉಣ್ಣತಕ್ಕದ್ದು, ಅದೂ ಬಿಸಿಯಾರುವ ಮುನ್ನ.