ಗ್ಯಾರೇಜು ನೆಲವರ್ಣ ಮೀಮಾಂಸೆ

ಯಾವ ಶಾಸ್ತ್ರವಾದರೂ ಶುರುವಿನಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ಸ್ಕೂಟರು, ಬೈಕು ರಿಪೇರಿ ಮಾಡುವ ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ಬಳಿಯುವ ಬಣ್ಣ. ಪ್ರಯೋಜನ, ಕೈಜಾರಿ ಬಿದ್ದ ನಟ್ಟು ಕತ್ತಲಾಗುವುದರೊಳಗೆ ಸಿಗುವುದು. ಸಂಬಂಧ, ನೆಲಕ್ಕೂ ಬಣ್ಣಕ್ಕೂ ನಡುವೆ ಇರಬೇಕಾದದ್ದು ಮತ್ತು ಸಾಮಾನ್ಯವಾಗಿ ಇಲ್ಲದಿರುವುದು. ಅಧಿಕಾರಿ ಯಾರಪ್ಪಾ ಅಂದರೆ, ಒಂದು ವಾರ ಶಟರ್ ಎಳೆದು ಮನೆಯಲ್ಲಿ ಸುಮ್ಮನೆ ಕೂರಬಲ್ಲ ಗ್ಯಾರೇಜ್ ಮಾಲೀಕ. ಅಂಥವರು ವಿರಳ. ಆದ್ದರಿಂದಲೇ ಈ ಶಾಸ್ತ್ರ ಇಷ್ಟು ಕಾಲ ಯಾರೂ ಬರೆಯದೆ ಉಳಿಯಿತು.

ಮೊದಲು ಪರಮತ ಖಂಡನೆ. ಇವುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಎನಾಮಲ್ ಮತ. 'ಗೇಟಿಗೆ ಹೊಡೆದು ಅರ್ಧ ಡಬ್ಬ ಮಿಕ್ಕಿದೆ, ಅದನ್ನೇ ಹೊಡೆದುಬಿಡಿ' ಎಂಬುದು ಇದರ ಏಕೈಕ ಸೂತ್ರ. ಈ ಮತದವರು ಗಮನಿಸದ ಸಂಗತಿಯೊಂದಿದೆ. ಸಿಮೆಂಟು ಕ್ಷಾರ, ಎನಾಮಲ್‌ನ ಮೈಯಲ್ಲಿರುವುದು ಎಣ್ಣೆಯ ಅಂಶ. ಕ್ಷಾರವೂ ಎಣ್ಣೆಯೂ ತೇವದ ಸಮ್ಮುಖದಲ್ಲಿ ಸೇರಿದರೆ ಹುಟ್ಟುವುದು ಸೋಪು. ಅಂದರೆ ನೆಲವು ತನ್ನ ಮೇಲೆ ಹೊಡೆದ ಬಣ್ಣವನ್ನೇ ಸೋಪು ಮಾಡಿಕೊಂಡು, ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ ಸ್ನಾನ ಮುಗಿಸುತ್ತದೆ. ಇದನ್ನು ಬಣ್ಣದ ದೋಷವೆನ್ನುವುದಕ್ಕಿಂತ ನೆಲದ ಶುಚಿತ್ವ ಎನ್ನುವುದು ನ್ಯಾಯ.

ಎರಡನೆಯದು ರೆಡ್ ಆಕ್ಸೈಡ್ ಸಂಪ್ರದಾಯ. ಹಳೇ ಮೈಸೂರಿನ ಮನೆಗಳಲ್ಲಿ ಕಾಲಿಟ್ಟರೆ ತಣ್ಣಗಿರುವ ಆ ಕೆಂಪು ನೆಲವನ್ನು ಟೀಕಿಸುವ ಧೈರ್ಯ ನಮಗಿಲ್ಲ. ಆದರೆ ಅದು ಬಳಿದ ಬಣ್ಣವಲ್ಲ, ಗಾರೆ ಹಸಿಯಾಗಿದ್ದಾಗಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ಕೂಡಿಸಿದ್ದು. ಹತ್ತು ವರ್ಷ ಎಂಜಿನ್ ಆಯಿಲ್ ಕುಡಿದ ನೆಲಕ್ಕೆ ಆ ಭಾಗ್ಯ ಮತ್ತೆ ಬರುವುದಿಲ್ಲ.

ಉಳಿದದ್ದು ಎಪಾಕ್ಸಿ ಸಿದ್ಧಾಂತ. ಇದರ ಆಚಾರ್ಯರು ಇಬ್ಬರು: ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ. ಕಾಸ್ತಾನ್ ಹುಡುಕುತ್ತಿದ್ದದ್ದು ಕಟ್ಟಿಸುವ ಹಲ್ಲಿಗೆ ಒಂದು ವಸ್ತು. ಲೋಕಕ್ಕೆ ದಕ್ಕಿದ್ದು ನೆಲ. ಎಪಾಕ್ಸಿ ಬರುವುದು ಎರಡು ಡಬ್ಬಗಳಲ್ಲಿ, ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಡಬ್ಬದಲ್ಲಿರುವಷ್ಟು ಹೊತ್ತು ಇದು ದ್ವೈತ. ಕಲಸಿದ ಮೇಲೆ ಅದ್ವೈತ, ಮರಳಿ ಬೇರ್ಪಡುವ ಮಾತಿಲ್ಲ. ತಳ ಮುಟ್ಟದಂತೆ ಮೇಲೆ ಮೇಲೆ ಕಲಸಿದರೆ ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಅಂಟು. ಈ ಸ್ಥಿತಿಗೆ ಹೆಸರಿಡಲು ಹೋದರೆ ಮೂರನೆಯ ಮತದವರು ಮುನಿಸಿಕೊಂಡಾರೆಂದು ಬಿಟ್ಟಿದ್ದೇವೆ.

ಈಗ ಮುಖ್ಯ ಜಿಜ್ಞಾಸೆ. ಗ್ಯಾರೇಜ್ ಮಾಲೀಕ ಬಣ್ಣದಂಗಡಿಗೆ ಹೋಗಿ ಶೇಡ್ ಕಾರ್ಡ್ ಮುಂದಿಟ್ಟುಕೊಂಡು ಒಂದು ಗಂಟೆ ಯೋಚಿಸುತ್ತಾನೆ. ನೆಲದ ಬಳಿ ಒಂದು ನಿಮಿಷವೂ ಕೂತು ಅದರ ಅಭಿಪ್ರಾಯ ಕೇಳುವುದಿಲ್ಲ. ಕೇಳುವ ಬಗೆ ಮೂರು, ಪ್ರಮಾಣಗಳೂ ಮೂರು.

ಪ್ರತ್ಯಕ್ಷ ಪ್ರಮಾಣವೆಂದರೆ ನೀರಿನ ಹನಿ. ಸ್ಪ್ಯಾನರ್ ಬೋರ್ಡಿನ ಕೆಳಗೆ, ದಿನವೂ ಆಯಿಲ್ ಬದಲಾಯಿಸುವ ಆ ಕಪ್ಪು ಜಾಗದಲ್ಲಿ ನಾಲ್ಕು ಹನಿ ಚಿಮುಕಿಸಿ ಕುಕ್ಕರಗಾಲಲ್ಲಿ ಕೂರಬೇಕು. ನೀರು ಇಂಗಿ ನೆಲ ಕಪ್ಪೇರಿದರೆ ಬಣ್ಣವೂ ಇಳಿದೀತು. ಹನಿಗಳು ಗುಂಡಗೆ ನಿಂತು ನಿಮ್ಮನ್ನೇ ನೋಡುತ್ತಿದ್ದರೆ ಅಲ್ಲಿ ಎಣ್ಣೆಯಿದೆ ಎಂದರ್ಥ. ಮರದ ಹೊಟ್ಟು ಉದುರಿಸಿ ಗುಡಿಸಿದ್ದು, ಸೀಮೆಎಣ್ಣೆಯಲ್ಲಿ ಒರೆಸಿದ್ದು ಇಲ್ಲಿ ಪುಣ್ಯಕ್ಕೆ ಸೇರುವುದಿಲ್ಲ, ಸೀಮೆಎಣ್ಣೆಯೂ ಎಣ್ಣೆಯೇ. ಡೀಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು, ಅದಕ್ಕೂ ಬಗ್ಗದಿದ್ದರೆ ಗ್ರೈಂಡಿಂಗ್ ಮೆಷೀನ್ ತರಿಸಬೇಕು.

ಅನುಮಾನ ಪ್ರಮಾಣಕ್ಕೆ ಬೇಕಾದದ್ದು 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆ. ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಬಿಗಿದು ಕನಿಷ್ಠ 16 ಗಂಟೆ ಬಿಟ್ಟು ಎತ್ತಿದಾಗ ಒಳಮೈಯಲ್ಲಿ ಬೆವರಿದ್ದರೆ, ನೆಲದಡಿಯಿಂದ ತೇವ ಏರುತ್ತಿದೆ ಎಂದು ಊಹಿಸತಕ್ಕದ್ದು. ಹೊಗೆ ಕಂಡಲ್ಲಿ ಬೆಂಕಿ ಎಂಬ ನ್ಯಾಯವೇ. ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಈ ಪರೀಕ್ಷೆ ಮಾಡುವವನು ನೆಲವನ್ನಲ್ಲ, ಮಳೆಗಾಲವನ್ನು ಪರೀಕ್ಷಿಸುತ್ತಿದ್ದಾನೆ.

ಮೂರನೆಯದು ಶಬ್ದ ಪ್ರಮಾಣ. ಇದು ಪೇಂಟರನ ಬಾಯಿಂದ ಬರುತ್ತದೆ: 'ಏನೂ ಆಗಲ್ಲ ಸಾರ್, ಎರಡು ಕೋಟ್ ಹೊಡೆದ್ರೆ ಎಲ್ಲ ಮುಚ್ಕಂಡ್ ಹೋಗ್ತದೆ.' ನಾಡಿನ ಬಹುಪಾಲು ನೆಲಗಳು ಈ ಪ್ರಮಾಣವೊಂದರ ಮೇಲೆಯೇ ನಿಂತಿವೆ. ಟೈರುಗಳು ಮಾತ್ರ ಇದನ್ನು ಒಪ್ಪುವುದಿಲ್ಲ. ದೂರ ಓಡಿ ಬಿಸಿಯಾದ ಟೈರು ಸಡಿಲ ಬಣ್ಣದ ಮೇಲೆ ನಿಂತು ತಣ್ಣಗಾಗುವಾಗ ಅದನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಗಾಡಿ ಹೊರಡುವಾಗ ತನ್ನ ಅಗಲಕ್ಕೆ ತಕ್ಕ ಪಟ್ಟಿಯೊಂದನ್ನು ಕಿತ್ತುಕೊಂಡು ಹೋಗುತ್ತದೆ.

ಬಣ್ಣ ಬಿಡಬಾರದು ಎಂಬ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಹೆಸರಿದೆ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುತ್ತಿದೆ. ಆ ಶಾಯಿ ಉಗುರಿನ ಮೇಲೆ ಕೂರುವುದಿಲ್ಲ, ಅದರ ಬೆಳ್ಳಿಯ ಅಂಶ ಚರ್ಮ, ಉಗುರಿನೊಂದಿಗೇ ಬೆರೆಯುತ್ತದೆ. ಉಗುರು ಬೆಳೆದು ಹೋಗುವವರೆಗೆ ಬಿಡುಗಡೆಯಿಲ್ಲ. ಹೊಸ ಕಾಂಕ್ರೀಟ್ 28 ದಿನವಾದರೂ ಹದಗೊಳ್ಳಲಿ, ಮೇಲಿನ ಸಿಮೆಂಟ್ ಹಾಲಿನ ಪುಡಿಪದರ ಹೋಗಲಿ ಎಂದು ನಾವು ಹಟ ಹಿಡಿಯುವುದು ಬಣ್ಣವೂ ನೆಲದೊಂದಿಗೆ ಹಾಗೆಯೇ ಬೆರೆಯಲಿ ಎಂಬ ಕಾರಣಕ್ಕೆ. ಪದರ ತೆಗೆಯಲು ಆಸಿಡ್ ಹಾಕುವವರು ಬಕೆಟ್ಟಿನಲ್ಲಿ ಮೊದಲು ನೀರು ಹಿಡಿದು ಅದಕ್ಕೆ ಆಸಿಡ್ ಸುರಿಯಬೇಕು. ಆಸಿಡ್‌ಗೇ ನೀರು ಸುರಿದವರ ಮುಖಕ್ಕೆ ಅದು ಎಗರುತ್ತದೆ. ಇಲ್ಲಿ ಪಾಠಾಂತರವಿಲ್ಲ, ತಮಾಷೆಯೂ ಇಲ್ಲ.

ಲೇಪನ ವಿಧಿಯಲ್ಲಿ ಹೆಚ್ಚು ಹೇಳುವುದಿಲ್ಲ. ಕಲಸಿದ ಬಣ್ಣಕ್ಕೆ ಆಯುಷ್ಯ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ, ಬಳ್ಳಾರಿಯ ಏಪ್ರಿಲ್‌ನಲ್ಲಿ ಇನ್ನೂ ಕಮ್ಮಿ. ಬಕೆಟ್ಟಿನಲ್ಲೇ ಬಿಟ್ಟು ಟೀ ಕುಡಿಯಲು ಹೋದರೆ ಅದು ತನ್ನ ಶಾಖಕ್ಕೆ ತಾನೇ ಕಾದು, ಕಲಸಿದ ಕೋಲನ್ನು ನಟ್ಟನಡುವೆ ಸ್ಥಾಪಿಸಿಕೊಂಡು ಕಲ್ಲಾಗಿರುತ್ತದೆ. ದಪ್ಪ ಸುರಿದು ತಾನೇ ಮಟ್ಟವಾಗುವ ಜಾತಿಯ ಎಪಾಕ್ಸಿಗೆ ಕೆಲಸಗಾರ ಮೊಳೆಗಳಿರುವ ಪಾದುಕೆ ಕಟ್ಟಿಕೊಂಡು ಹಸಿ ಬಣ್ಣದ ಮೇಲೆಯೇ ನಡೆಯುತ್ತಾನೆ. ಮುಳ್ಳಾವುಗೆಯ ತಪಸ್ವಿಗಳಿಗೂ ಇವನಿಗೂ ಇರುವ ವ್ಯತ್ಯಾಸವೆಂದರೆ ಇವನ ಮೊಳೆಗಳು ಕೆಳಮುಖ. ಗ್ಯಾರೇಜಿಗೆ ನುಣುಪು ಹೊಳಪೇ ಬೇಕೆನ್ನುವವರು ಅದರ ಮೇಲೆ ಆಯಿಲ್ ಚೆಲ್ಲಿ ನಡೆದು ನೋಡಲಿ. ಹಸಿಯಿದ್ದಾಗಲೇ ಸಣ್ಣ ಮರಳು ಎರಚುವುದು ಯಾಕೆಂದು ಬಿದ್ದಲ್ಲಿಯೇ ತಿಳಿಯುತ್ತದೆ. ಬಣ್ಣ ತಿಳಿ ಬೂದಿಯಿರಲಿ. ಕಪ್ಪಿನ ಮೇಲೆ ನಟ್ಟು ಕಾಣದು, ಬಿಳಿಯ ಮೇಲೆ ಗ್ರೀಸ್ ಹೊರತು ಬೇರೇನೂ ಕಾಣದು.

ಕೊನೆಯ ವಿವಾದ ಕಾಲನಿರ್ಣಯದ್ದು. ಒಂದು ದಿನಕ್ಕೆ ಕಾಲಿಡಬಹುದು, ಗಾಡಿಗೆ ಏಳು ದಿನ ಎಂಬುದು ಡಬ್ಬದ ಮೇಲಿನ ಸ್ಮೃತಿ. ಮೂರನೆಯ ದಿನವೇ 'ಅಣ್ಣಾ, ಬರೀ ಪಂಕ್ಚರ್, ಐದು ನಿಮಿಷ' ಎಂದು ಗಿರಾಕಿ ಅರ್ಧ ಎತ್ತಿದ ಶಟರ್ ಕೆಳಗೆ ಸ್ಕೂಟರ್ ನುಗ್ಗಿಸುವುದು ಶಿಷ್ಟಾಚಾರ. ಸ್ಮೃತಿಗೂ ಆಚಾರಕ್ಕೂ ವಿರೋಧ ಬಂದಾಗ ಯಾವುದು ಮೇಲೆಂಬುದನ್ನು ಸ್ಕೂಟರಿನ ಸ್ಟ್ಯಾಂಡು ಕೊರೆದ ಗುಳಿಯೇ ತೀರ್ಮಾನಿಸುತ್ತದೆ. ಇನ್ನು ಎಲ್ಲವೂ ವಿಧಿವತ್ತಾಗಿ ನಡೆದು, ನೆಲ ಕನ್ನಡಿಯಂತಾದರೆ, ಕಟ್ಟಡದ ಮಾಲೀಕರು ಬಾಗಿಲಲ್ಲಿ ನಿಂತು ಅದನ್ನು ಎರಡು ಸಲ ನೋಡಿ ಬಾಡಿಗೆಯ ಮಾತೆತ್ತುತ್ತಾರೆ. ಆ ಅಧ್ಯಾಯಕ್ಕೆ ಭಾಷ್ಯ ಬರೆಯುವ ಅಧಿಕಾರ ಬ್ರೋಕರನದು.