ಹಗುರ ಕೀಬೋರ್ಡಿನವರು

ಆಂಧ್ರದ ಕೌತಾಳಂ, ಆದೋನಿ ಸೀಮೆಯಲ್ಲಿ ಭಜನೆ ಮಂಡಳಿ, ಮದುವೆ ಆರ್ಕೆಸ್ಟ್ರಾ ಇರುವಲ್ಲೆಲ್ಲ ಹಗುರ ಕೀಬೋರ್ಡಿನವರು ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಸುಲಭ: ವಾದ್ಯದ ನಾದ ಹೇಗಿದೆ ಎಂದು ಕೇಳಿದರೂ ಉತ್ತರ ಕಿಲೋ ಲೆಕ್ಕದಲ್ಲೇ ಬರುತ್ತದೆ.

ಈ ಚಿಂತೆ ನಿಷ್ಕಾರಣವೇನಲ್ಲ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡಿನ ತೂಕ 14 ಕಿಲೋ ಮೀರಿತ್ತು. ಅದರಂತೆಯೇ 61 ಕೀಗಳಿರುವ ಈಚಿನ ಕೊರ್ಗ್ ಕ್ರಾಸ್ 2 ತೂಗುವುದು 3.8 ಕಿಲೋ, ಕ್ಯಾಸಿಯೊ ಸಿಟಿ-ಎಸ್300 ಬರೀ 3.3. ಆದೋನಿ ಬಸ್ಸಿನಲ್ಲಿ ನಿಂತೇ ಬರುವವನಿಗೆ ಹತ್ತು ಕಿಲೋ ಉಳಿದರೆ ಪುಣ್ಯವೇ. ಆದರೆ ಸ್ಟ್ಯಾಂಡು, ಅಡಾಪ್ಟರು, ಪೆಡಲು, ವೈರಿನ ಚೀಲ ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಹೊರುವವನು ಢೋಲಕ್‌ನವನು. ಹೀಗೇಕೆ ಎಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಹಗುರದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಶ್ರಾವಣ ಮಾಸ, ಉರುಕುಂದ ಈರಣ್ಣನ ದರ್ಶನಕ್ಕೆ ಜನ ಸಾಗುವ ಹಾದಿಯ ಒಂದು ಊರು, ರಾತ್ರಿ ಭಜನೆ. ನಡುಹಾಡಿನಲ್ಲಿ ಕರೆಂಟು ಹೋಯಿತು. ಮೈಕ್‌ಸೆಟ್ಟಿಗೆ ಬ್ಯಾಟರಿ ಇತ್ತು, ಹಾಡುಗಾರ ನಿಲ್ಲಲಿಲ್ಲ, ಢೋಲಕ್ಕಂತೂ ನಿಲ್ಲುವ ಪ್ರಶ್ನೆಯೇ ಇಲ್ಲ. ಕೀಬೋರ್ಡು ಮಾತ್ರ ಗಪ್‌ಚಿಪ್. ಆರು ಪೆನ್ಸಿಲ್ ಶೆಲ್ ಹಾಕಿದರೆ ನಡೆಯುವ ವಾದ್ಯ ಅದು.

“ಶೆಲ್ ಎಲ್ಲಿ ತಮ್ಮಾ?”

“ತೆಗೆದಿಟ್ಟು ಬಂದೀನಿ ಅಣ್ಣ. ಸುಮ್ನೆ ಭಾರ ಯಾಕಂತ.”

ಆರು ಶೆಲ್ಲಿನ ಭಾರ ಸುಮಾರು 140 ಗ್ರಾಂ. ಅವನ ಸ್ಟ್ಯಾಂಡಿನ ಭಾರ, ಅದನ್ನು ಹೊತ್ತ ಬಲಭುಜ ಬಲ್ಲಂತೆ, ಬಹಳ ಹೆಚ್ಚು.

ತೂಕದ ನಂತರದ ಮಾತು ಬಳಕೆಯ ಸುಲಭತೆ. ಇಲ್ಲಿ ಇವರು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ನೂರಾರು ಟೋನ್ ಇದ್ದರೂ ಬೇಕಾಗುವುದು ಹಾರ್ಮೋನಿಯಂ, ಕೊಳಲು, ತಂತಿವಾದ್ಯದ ಗುಂಪು ನಾದ. ಅವನ್ನು ಮೊದಲೇ ಒಂದೊಂದು ಗುಂಡಿಗೆ ಕೂಡಿಸಿಟ್ಟುಕೊಳ್ಳಲು ಬರುವ ಮಾದರಿಯೇ ವೇದಿಕೆಗೆ ತಕ್ಕದ್ದು. ಪಲ್ಲವಿ ಮುಗಿಯುವಾಗ ಪುಟ್ಟ ಪರದೆಯಲ್ಲಿ ಕೊಳಲು ಹುಡುಕುತ್ತ ಕೂತರೆ ಚರಣವೂ ಮುಗಿದಿರುತ್ತದೆ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಇನ್ನೂ ಅಪಾಯಕಾರಿ. ಹಿಂದಿನ ಹಾಡಿಗೆ ಒತ್ತಿದ್ದನ್ನು ತೆಗೆಯದಿದ್ದರೆ, ಕರಿ ಒಂದರ ಶ್ರುತಿಯಲ್ಲಿ ಹಾಡುವವರನ್ನು ಈರಣ್ಣನೇ ಕಾಪಾಡಬೇಕು.

ಹಾಗೆ ನೋಡಿದರೆ ಹಗುರದ ಆಸೆ ಇವರೇ ಹುಟ್ಟಿಸಿದ್ದಲ್ಲ. 1842ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಲ್ಲಿ ತಿದಿ ತುಳಿಯುವ ದೊಡ್ಡ ಪೆಟ್ಟಿಗೆ. ಕೋಲ್ಕತ್ತದ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತುವ ಹಾಗೆ ಕಿರಿದು ಮಾಡಿದರು. ಭಜನೆಯ ಹಳೆಯ ಪೆಟ್ಟಿಗೆಯವರು ಅದನ್ನು ತಾವೇ ಹೆಗಲ ಮೇಲಿಟ್ಟು ತರುತ್ತಿದ್ದರು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಕರೆಂಟು ಹೋದದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಷ್ಟಾದರೂ ಹಗುರ ಕೀಬೋರ್ಡಿನವರಿಲ್ಲದೆ ಮಂಡಳಿ ನಡೆಯದು. ಹೊಸ ಸಿನಿಮಾ ಹಾಡು ಕೇಳಿದ ಸಂಜೆಯೇ ನುಡಿಸಬಲ್ಲರು, ಕನ್ನಡ, ತೆಲುಗು ಎರಡರಲ್ಲೂ. ಕಾರ್ಯಕ್ರಮ ಮುಗಿದು ಉಳಿದವರು ವೈರು ಸುತ್ತುವ ಹೊತ್ತಿಗೆ, ಚೀಲ ಹೆಗಲಿಗೇರಿಸಿ ಮೊದಲು ಆಟೋ ಹತ್ತಿ ಅಂಚಿನ ಸೀಟು ಹಿಡಿಯುವವರೂ ಇವರೇ.