ಕಡತನಾಮದರ್ಪಣಂ

ಅಥಾತಃ ಕಡತನಾಮಜಿಜ್ಞಾಸಾ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ಸಂಧಿಗಳನ್ನು ವಿಧಿಸಿದನಾದರೂ, 2006ರಲ್ಲಿ ಕೋವಿಡ್ ಗೋಯಲ್ ಆರಂಭಿಸಿದ ಇ-ಪುಸ್ತಕ ಭಂಡಾರದ ತಂತ್ರಾಂಶ ಕ್ಯಾಲಿಬರ್‌ನ ಸಂಧಿಕಾರ್ಯಗಳು ಅವನ ಅವಗಾಹನೆಗೆ ಬಾರದೆ ಹೋದವು. ಸದರಿ ಶಾಸ್ತ್ರದ ಬಹುಆಯಾಮೀ ಪರಿಪ್ರೇಕ್ಷ್ಯದಲ್ಲಿ ನಾಮಸಂಸ್ಕಾರವು ಪಂಚವಿಧ.

ಪ್ರಥಮತಃ ಲೋಪ. ಪುಸ್ತಕದ ಕನ್ನಡ ಹೆಸರು ಕ್ಯಾಲಿಬರ್‌ನ ಕಡತಕೋಶ ಹೊಗುವಾಗ ರೋಮನ್ ವೇಷ ತೊಡಬೇಕು. ವ್ಯಂಜನದೊಳಗಿನ ಅಕಾರ ಬಾಗಿಲಾಚೆಯೇ ಉಳಿಯಬೇಕು. ಚನ್ನಗಿರಿ ಸೀಮೆಯ ಕತ್ತಲಗೆರೆ ಹೀಗೆ ‘ಕ್ತ್ತ್ಲ್ಗೆರೆ’ ಆಗುತ್ತದೆ. ಅಡಿಕೆ ಜಗಿಯುತ್ತಲೇ ಇದನ್ನು ಉಚ್ಚರಿಸಬಲ್ಲವರು ಆ ಊರಲ್ಲೂ ಇರಲಾರರು. ‘ಮಲೆಗಳಲ್ಲಿ’ ಎಂಬ ಪದಕ್ಕೆ ಎಮ್, ಎಲ್, ಇ, ಜಿ, ಆಮೇಲೆ ಸಾಲಾಗಿ ನಾಲ್ಕು ಎಲ್, ಕೊನೆಗೊಂದು ಐ. ಕುವೆಂಪು ಅವರ ಮದುಮಗಳು ಈ ಕಾಡು ದಾಟಿ ಬರಬೇಕು.

ದ್ವಿತೀಯತಃ ಆಗಮ: ಹೆಸರಿನ ಬೆನ್ನಿಗೆ ಆವರಣದಲ್ಲಿ ಕ್ರಮಾಂಕ. ತೃತೀಯತಃ ಆದೇಶ: ಪ್ರಶ್ನಾರ್ಥಕ, ವಿವರಣ ಚಿಹ್ನೆ, ನಕ್ಷತ್ರಗಳ ಸ್ಥಾನದಲ್ಲಿ ಅಡಿಗೆರೆ. ಇವು ವಿಂಡೋಸಿನ ಮೈಲಿಗೆಗಳು. ಲಿನಕ್ಸಿಗೆ ಓರೆಗೆರೆ, ಶೂನ್ಯಾಕ್ಷರ ಬಿಟ್ಟು ಬೇರೆ ಮೈಲಿಗೆಯಿಲ್ಲ. ಆದರೂ ಭಂಡಾರ ಎಲ್ಲಿಗೆ ಹೋದರೂ ನಡೆಯಲೆಂದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರು ಮನೆಗೂ ಒಂದೇ ಆಚಾರ. ಉದ್ದಕ್ಕೆ ಮಾತ್ರ ಲಿನಕ್ಸಿನದೂ ಒಂದು ನಿಯಮ: ಹೆಸರು 255 ಬೈಟ್ ಮೀರಬಾರದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಕತ್ತಲಗೆರೆಗೇ 27. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆಯೋ, ‘ಗೋ’ವಿನ ಓತ್ವವನ್ನು ಮೂರು ತುಂಡು ಮಾಡಿ ಇಟ್ಟುಕೊಳ್ಳುತ್ತಿತ್ತು.

ಚತುರ್ಥ, ಪಂಚಮ ಭೇದಗಳನ್ನು ವಿಚಾರಸಂಕಿರಣದ ಪಂಡಿತರಿಗೇ ಬಿಟ್ಟಿದ್ದೇನೆ. ಅವರಿಗೆ ಊಟದ ತನಕ ಸಮಯವಿರುತ್ತದೆ.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡವಿತ್ತು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಕನ್ನಡದ ಕಡತನಾಮವನ್ನು ತಕರಾರಿಲ್ಲದೆ ಹೊರುತ್ತವೆ. ಹಾಗಿದ್ದ ಮೇಲೆ ಈ ವೇಷ ಯಾರ ಭಯಕ್ಕೆ? ಪರದೆಯ ಮೇಲೆ ಕನ್ನಡವೇ ಕಾಣುತ್ತದಲ್ಲ, ಒಳಗಿನ ಕೋಶಕ್ಕೆ ನೀವೇಕೆ ಕೈ ಹಾಕುತ್ತೀರಿ ಎನ್ನುತ್ತಾರೆ. ಕೈ ಹಾಕುತ್ತೇವೆ ಸ್ವಾಮಿ! ಬೆಂಗಳೂರಿನ ಮಗಳು ಆ ಕೋಶವನ್ನೇ ಪೆನ್‌ಡ್ರೈವಿಗೆ ಸುರಿದು ಊರಿಗೆ ಕಳಿಸುತ್ತಾಳೆ. ಅಲ್ಲಿ ಅಪ್ಪ ‘ಕಾರಂತ’ ಎಂದು ಕನ್ನಡದಲ್ಲಿ ಹುಡುಕುತ್ತಾನೆ, ಏನೂ ಸಿಗುವುದಿಲ್ಲ. ಪುಸ್ತಕ ಅಲ್ಲೇ ಇರುತ್ತದೆ, ಒಳಗೆ ಪುಟಪುಟವೂ ಕನ್ನಡ. ಹೊರಗಿನ ಹೆಸರಷ್ಟೇ ಪರಕೀಯ. ರಾಶಿ ಅಡಿಕೆ ತುಂಬಿದ ಚೀಲಕ್ಕೆ ಯಾರೂ ಓದಲಾಗದ ಚೀಟಿ ಅಂಟಿಸಿದರೆ ಮಂಡಿಯವರು ಸುಮ್ಮನಿರುತ್ತಾರೆಯೇ? ಪುಸ್ತಕಕ್ಕೆ ಮಾತ್ರ ಕೇಳುವ ಮಂಡಿಯಿಲ್ಲ.

ಓದುಗರೇ, ಕೋಶವನ್ನು ನೇರವಾಗಿ ನಕಲು ಮಾಡಬೇಡಿ. ಡಿಸ್ಕಿಗೆ ಉಳಿಸುವ ಆಯ್ಕೆಗಳಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ಇಂಗ್ಲಿಷಿಗೆ ಬದಲಿಸುವ ಚೌಕವೊಂದಿದೆ. ಅದರ ಗುರುತು ತೆಗೆದು, ಆಮೇಲೆ ಉಳಿಸಿ ಕಳಿಸಿ. ಭಂಡಾರದ ಒಳಕೋಶಕ್ಕೆ ಅಂಥ ಚೌಕವೂ ಇಲ್ಲ.